ಚಾರ್ಲ್ಸ್ ಲೀ ಹೇಡಿಯೇ, ದ್ರೋಹಿಯೇ?

ಪ್ರಶ್ನೆ: ಅಮೆರಿಕದ ಸ್ವಾತಂತ್ರ್ಯ ಯುದ್ಧದ ಬಗ್ಗೆ ಓದುವಾಗ ಜನರಲ್ ಚಾರ್ಲ್ಸ್ ಲೀ ಎಂಬಾತನ ಹೆಸರು ಸಿಕ್ಕಿತು. ಒಂದು ಕಡೆ ಹೇಡಿ ಎಂದಿದೆ, ಇನ್ನೊಂದು ಕಡೆ ದ್ರೋಹಿ ಎಂದಿದೆ. ನೀವೇನು ಹೇಳುತ್ತೀರಿ?
— ಓದುಗರು, ಸಾಗರ

ಉತ್ತರ: ಹೇಡಿಯಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ದ್ರೋಹದ ಮಾತು ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ. ಎರಡನ್ನೂ ಒಂದೇ ಗಂಟಿಗೆ ಕಟ್ಟಿದ್ದರಿಂದ ಈ ಮನುಷ್ಯನಿಗೆ ಅನ್ಯಾಯವಾಗಿದೆ ಎಂದು ತರಗತಿಯಲ್ಲಿ ಹೇಳುತ್ತಿದ್ದೆ, ಇಂದೂ ಅದನ್ನೇ ಹೇಳುತ್ತೇನೆ.

ಲೀ ಇಂಗ್ಲೆಂಡಿನ ಚೆಷೈರ್‌ನವನು. ಬ್ರಿಟಿಷ್ ಸೈನ್ಯದಲ್ಲಿದ್ದು 1758ರಲ್ಲಿ ಅಮೆರಿಕದ ಟಿಕಾಂಡೆರೋಗಾ ಕೋಟೆಯ ಬಳಿ ಗಾಯಗೊಂಡ. 1762ರಲ್ಲಿ ಪೋರ್ಚುಗಲ್‌ನಲ್ಲಿ ಕಾದಿದ, ಮುಂದೆ ಪೋಲೆಂಡಿನ ರಾಜನ ಬಳಿ ಇದ್ದ. ಅಮೆರಿಕದ ಮೂಲನಿವಾಸಿಗಳಾದ ಮೋಹಾಕ್ ಜನರು ಅವನಿಗೆ ಇಟ್ಟ ಹೆಸರು ‘ಕುದಿಯುವ ನೀರು’. ಸಿಟ್ಟು, ಒರಟು ಮಾತು, ಸದಾ ಜೊತೆಗೆ ನಾಯಿಗಳು. 1773ರಲ್ಲಿ ಅಮೆರಿಕಕ್ಕೆ ಬಂದು ನೆಲೆಸಿದ. 1775ರಲ್ಲಿ ಕಾಂಗ್ರೆಸ್, ಅಂದರೆ ಅಮೆರಿಕದ ವಸಾಹತುಗಳ ಪ್ರತಿನಿಧಿ ಸಭೆ, ಸೈನ್ಯ ಕಟ್ಟಿದಾಗ ವಾಷಿಂಗ್ಟನ್ ಮತ್ತು ಆರ್ಟಿಮಸ್ ವಾರ್ಡ್ ಬಿಟ್ಟರೆ ಇವನೇ ಹಿರಿಯ. ಯೂರೋಪಿನ ಯುದ್ಧಗಳನ್ನು ಕಂಡವನೆಂದು ಎಲ್ಲರೂ ಇವನ ಮಾತಿಗೆ ಕಿವಿಗೊಡುತ್ತಿದ್ದರು.

ಆದರೆ ಅವನ ಲೆಕ್ಕ ತಪ್ಪಿದ್ದೂ ಉಂಟು. 1776ರ ಜೂನ್ 28ರಂದು ಚಾರ್ಲ್ಸ್‌ಟನ್ ಬಂದರಿನ ಬಾಯಲ್ಲಿದ್ದ ಸಲಿವನ್ ದ್ವೀಪದ ಕೋಟೆಯ ಮೇಲೆ ಬ್ರಿಟಿಷ್ ನೌಕೆಗಳು ಗುಂಡಿನ ಮಳೆ ಸುರಿಸಿದವು. ಆ ಕೋಟೆ ನಿಲ್ಲುವುದಿಲ್ಲ, ಬಿಟ್ಟು ಬನ್ನಿ ಎಂದು ಲೀ ಹೇಳಿದ್ದ. ದಕ್ಷಿಣ ಕೆರೊಲಿನಾದ ಆಡಳಿತ ನಡೆಸುತ್ತಿದ್ದ ರಟ್ಲೆಜ್ ಒಪ್ಪಲಿಲ್ಲ. ಒಳಗಿದ್ದ ಕರ್ನಲ್ ಮೌಲ್ಟ್ರಿ ಕದಲಲಿಲ್ಲ. ಪಾಮೆಟೊ ಮರದ ಮೆತ್ತನೆ ದಿಮ್ಮಿಗಳು ಗುಂಡುಗಳನ್ನು ನುಂಗಿಕೊಂಡವು, ಕೋಟೆ ಉಳಿಯಿತು.

ಅದೇ ವರ್ಷ ಡಿಸೆಂಬರ್ 13ರಂದು ನ್ಯೂಜೆರ್ಸಿಯ ಬಾಸ್ಕಿಂಗ್ ರಿಜ್‌ನಲ್ಲಿ, ತನ್ನ ದಂಡಿನಿಂದ ಮೈಲಿಗಳಷ್ಟು ದೂರದ ಒಂದು ತಂಗುದಾಣದಲ್ಲಿ ಲೀ ಸೆರೆಯಾದ. ಆ ಬೆಳಿಗ್ಗೆಯೇ ಅಮೆರಿಕದ ಸೈನ್ಯದ ಇನ್ನೊಬ್ಬ ಜನರಲ್ ಗೇಟ್ಸ್‌ಗೆ ಪತ್ರ ಬರೆದು ವಾಷಿಂಗ್ಟನ್‌ಗೆ ಸಾಮರ್ಥ್ಯ ಸಾಲದೆಂದು ಹೀಯಾಳಿಸಿದ್ದ. ಹಿಡಿದ ಬ್ರಿಟಿಷ್ ಕುದುರೆ ಸವಾರರಲ್ಲಿ ಬನಾಸ್ಟರ್ ಟಾರ್ಲ್ಟನ್ ಎಂಬ ಎಳೆಯ ಅಧಿಕಾರಿಯೂ ಇದ್ದ.

ಸೆರೆಯಲ್ಲಿದ್ದಾಗ ಮಾಡಿದ ಕೆಲಸವನ್ನು ನಾನು ಸಮರ್ಥಿಸಲಾರೆ. 1777ರ ಮಾರ್ಚ್ 29ರ ದಿನಾಂಕದ ಕಾಗದವೊಂದರಲ್ಲಿ ಅಮೆರಿಕನ್ನರನ್ನು ಮಣಿಸುವುದು ಹೇಗೆಂದು ಬ್ರಿಟಿಷ್ ಸೇನಾಪತಿ ಹೌಗೆ ಯೋಜನೆ ಬರೆದುಕೊಟ್ಟ. ಶತ್ರುವಿನ ದಾರಿ ತಪ್ಪಿಸಲು ಹೂಡಿದ ಆಟ ಎನ್ನುವವರಿದ್ದಾರೆ, ನನಗೆ ಒಪ್ಪಿಗೆಯಾಗಿಲ್ಲ. ಆದರೆ ಒಂದು ವಿಷಯ ನೆನಪಿಡಿ: ಆ ಕಾಗದ ಬೆಳಕಿಗೆ ಬಂದದ್ದು 1858ರಲ್ಲಿ, ಲೀ ಸತ್ತು 76 ವರ್ಷಗಳಾದ ಮೇಲೆ. 1778ರಲ್ಲಿ ಅವನ ವಿಚಾರಣೆ ನಡೆಸಿದವರ ಮುಂದೆ ಅದು ಇರಲೇ ಇಲ್ಲ.

ಕೈದಿಗಳ ವಿನಿಮಯದಲ್ಲಿ ಬಿಡುಗಡೆಯಾಗಿ ಬಂದ ಲೀ, 1778ರ ಜೂನ್ 28ರಂದು ನ್ಯೂಜೆರ್ಸಿಯ ಮಾನ್ಮತ್‌ನಲ್ಲಿ ಮುಂಚೂಣಿ ಪಡೆಯ ನಾಯಕ. ಮೊದಲು ಆ ಹೊಣೆ ಬೇಡವೆಂದು ಫ್ರಾನ್ಸಿನಿಂದ ಬಂದಿದ್ದ ಎಳೆಯ ಜನರಲ್ ಲಫಾಯೆತ್‌ಗೆ ಬಿಟ್ಟುಕೊಟ್ಟಿದ್ದ, ಪಡೆ ಸುಮಾರು 5,000ಕ್ಕೆ ಬೆಳೆದಾಗ ತನಗೇ ಬೇಕೆಂದ. ನಾನು ಪಾಠ ಮಾಡುವಾಗ ಈ ಯುದ್ಧಭೂಮಿಯ ನಕ್ಷೆಯನ್ನು ಬೋರ್ಡಿನ ಮೇಲೆ ಬರೆದು ಹುಡುಗರನ್ನು ಕೇಳುತ್ತಿದ್ದೆ: ಎದುರಿಗೆ ನಿರೀಕ್ಷೆಗಿಂತ ದೊಡ್ಡ ಸೈನ್ಯ ತಿರುಗಿ ನಿಂತಿದೆ, ಬೆನ್ನ ಹಿಂದೆ ಜವುಗು ತಗ್ಗುಗಳಿವೆ, ನೆತ್ತಿ ಸುಡುವ ಬಿಸಿಲು, ನಿಮ್ಮದೇ ಕೆಲವು ತುಕಡಿಗಳು ಆಗಲೇ ಹಿಂದೆ ಸರಿದಿವೆ. ನೀವಾದರೆ ಏನು ಮಾಡುತ್ತೀರಿ? ಹೆಚ್ಚಿನವರು ಹಿಂದಕ್ಕೆ ಬರುತ್ತೇವೆ ಅನ್ನುತ್ತಿದ್ದರು. ಲೀ ಮಾಡಿದ್ದೂ ಅದೇ. ಆ ಪಡೆ ಅಲ್ಲೇ ನಿಂತಿದ್ದರೆ ನಾಶವಾಗುತ್ತಿತ್ತೆಂದೇ ನನ್ನ ನಂಬಿಕೆ. ಅವನ ತಪ್ಪು ಬೇರೆ: ಹಿಂದೆ ಬರುತ್ತಿದ್ದೇನೆಂದು ವಾಷಿಂಗ್ಟನ್‌ಗೆ ಸರಿಯಾಗಿ ಸುದ್ದಿ ಮುಟ್ಟಿಸಲಿಲ್ಲ. ಇನ್ನೊಂದು ತಪ್ಪು ಇನ್ನೂ ಆಳದ್ದು. ಅವನು ಸೆರೆಯಲ್ಲಿದ್ದಾಗ ವಾಷಿಂಗ್ಟನ್ನನ ಚಳಿಗಾಲದ ಬೀಡಾದ ವ್ಯಾಲಿ ಫೋರ್ಜ್‌ನಲ್ಲಿ ಪ್ರಷ್ಯಾದಿಂದ ಬಂದ ಅಧಿಕಾರಿ ಫಾನ್ ಸ್ಟೊಯ್ಬೆನ್ ಆ ಸೈನಿಕರಿಗೆ ಕವಾಯತು ಕಲಿಸಿ ಹೊಸ ಸೈನ್ಯವನ್ನೇ ಮಾಡಿದ್ದ. ಲೀ ಮನಸ್ಸಿನಲ್ಲಿ ಇದ್ದದ್ದು ಹಳೆಯ ಸೈನ್ಯ.

ವಾಷಿಂಗ್ಟನ್ ಎದುರಾಗಿ ಗದರಿದ. ಲೀ ಅಲ್ಲಿಗೆ ಸುಮ್ಮನಾಗಿದ್ದರೆ ಬಹುಶಃ ಏನೂ ಆಗುತ್ತಿರಲಿಲ್ಲ. ಸೊಕ್ಕಿನ ಪತ್ರಗಳನ್ನು ಬರೆದ, ಸೇನಾ ನ್ಯಾಯಾಲಯದಲ್ಲಿ ವಿಚಾರಣೆಯಾಗಲಿ ಎಂದು ತಾನೇ ಕೇಳಿದ. ಆಜ್ಞೆ ಮೀರಿದ್ದು, ಶತ್ರುವಿನೆದುರು ಅನಗತ್ಯವಾಗಿ ಹಿಮ್ಮೆಟ್ಟಿದ್ದು, ಸೇನಾಪತಿಗೆ ಅಗೌರವ ತೋರಿದ್ದು, ಮೂರರಲ್ಲೂ ತಪ್ಪಿತಸ್ಥನೆಂದು ತೀರ್ಪಾಯಿತು. ಶಿಕ್ಷೆ ಎಷ್ಟು ಗೊತ್ತೇ? ಹನ್ನೆರಡು ತಿಂಗಳ ಅಮಾನತು, ಅಷ್ಟೇ! ರಣರಂಗದಲ್ಲಿ ಬೆನ್ನು ತೋರಿಸಿ ಓಡಿದನೆಂದು ಆ ಅಧಿಕಾರಿಗಳು ನಿಜವಾಗಿ ನಂಬಿದ್ದರೆ ಇಷ್ಟಕ್ಕೇ ಬಿಡುತ್ತಿದ್ದರೇ? ನನ್ನ ಪ್ರಕಾರ ಪೂರ್ತಿ ಸಾಬೀತಾದದ್ದು ಮೂರನೆಯ ಆರೋಪ ಒಂದೇ. ವಾಷಿಂಗ್ಟನ್, ಲೀ ಇಬ್ಬರಲ್ಲಿ ಒಬ್ಬರು ಹೋಗಬೇಕಿತ್ತು, ಲೀ ಹೋದ.

ಅದೇ ವರ್ಷದ ಕೊನೆಗೆ ವಾಷಿಂಗ್ಟನ್‌ನ ಸಹಾಯಕ ಜಾನ್ ಲಾರೆನ್ಸ್ ಜೊತೆ ಪಿಸ್ತೂಲಿನ ದ್ವಂದ್ವದಲ್ಲಿ ಪಕ್ಕೆಗೆ ಗಾಯವಾಯಿತು. 1780ರಲ್ಲಿ ಕಾಂಗ್ರೆಸ್ ಸೇವೆಯಿಂದಲೇ ತೆಗೆದುಹಾಕಿತು. 1782ರ ಅಕ್ಟೋಬರ್ 2ರಂದು ಫಿಲಡೆಲ್ಫಿಯಾದಲ್ಲಿ ತೀರಿಕೊಂಡ. ಚರ್ಚಿನ ಅಂಗಳದಲ್ಲಿ ಹೂಳಬೇಡಿ ಎಂದು ಉಯಿಲಿನಲ್ಲಿ ಬರೆದಿದ್ದರೂ ಹೂಳಿದ್ದು ಅಲ್ಲಿನ ಕ್ರೈಸ್ಟ್ ಚರ್ಚಿನಲ್ಲೇ.

ಪ್ರಶ್ನೆ: ಮಾನ್ಮತ್‌ನಲ್ಲಿ ಲೀ ಎದುರು ಇದ್ದ ಕಾರ್ನ್‌ವಾಲಿಸ್, ನಮ್ಮ ಟಿಪ್ಪುವಿನ ಮೇಲೆ ಬಂದವನೇ?
— ಓದುಗರು, ಮಂಡ್ಯ

ಉತ್ತರ: ಅವನೇ. ಲೀ ಮೇಲೆ ತಿರುಗಿಬಿದ್ದದ್ದು ಆಗಿನ ಬ್ರಿಟಿಷ್ ಸೇನಾಪತಿ ಕ್ಲಿಂಟನ್‌ನ ಕೈಕೆಳಗೆ ಕಾರ್ನ್‌ವಾಲಿಸ್ ನಡೆಸುತ್ತಿದ್ದ ದಳ. 1791ರ ಮಾರ್ಚ್‌ನಲ್ಲಿ ಬೆಂಗಳೂರು ಕೋಟೆ ಹಿಡಿದು, ಮೇ ತಿಂಗಳಲ್ಲಿ ನಿಮ್ಮ ಅರಕೆರೆಯಲ್ಲಿ ಕಾದಾಡಿ, ಶ್ರೀರಂಗಪಟ್ಟಣದ ಹತ್ತಿರ ಬಂದವನೂ ಅವನೇ. ಮಳೆ ಹಿಡಿಯಿತು, ದಂಡಿಗೆ ಕಾಳಿಲ್ಲ, ಎಳೆಯುವ ಎತ್ತುಗಳು ಸತ್ತವು. ಕನ್ನಂಬಾಡಿಯ ಬಳಿ ತನ್ನ ಭಾರಿ ತೋಪುಗಳನ್ನು ತಾನೇ ನಾಶಮಾಡಿ ಬೆಂಗಳೂರಿಗೆ ಹಿಂದಿರುಗಿದ. ಅದಕ್ಕಾಗಿ ಅವನನ್ನು ಯಾರೂ ಸೇನಾ ನ್ಯಾಯಾಲಯದ ಮುಂದೆ ನಿಲ್ಲಿಸಲಿಲ್ಲ. 1792ರ ಫೆಬ್ರವರಿಯಲ್ಲಿ ಮತ್ತೆ ಬಂದ. ಮಾರ್ಚ್‌ನ ಒಪ್ಪಂದದಲ್ಲಿ ಟಿಪ್ಪುವಿನ ಅರ್ಧ ರಾಜ್ಯ ಹೋಯಿತು, 3 ಕೋಟಿ 30 ಲಕ್ಷ ರೂಪಾಯಿ ದಂಡ ಬಿತ್ತು, ಇಬ್ಬರು ಮಕ್ಕಳನ್ನು ಒತ್ತೆ ಇಡಬೇಕಾಯಿತು. ಲೀಗೆ ಎರಡನೆಯ ಸಲ ಬರುವ ಅವಕಾಶ ಸಿಗಲಿಲ್ಲ.