ಟೂರಿಸ್ಟ್ ವೀಸಾದಲ್ಲಿ ಹೋಗಿ ಅಮೆರಿಕದಲ್ಲೇ ಮದುವೆಯಾದರೆ?

ಪ್ರಶ್ನೆ: ಅಮೆರಿಕದ ಸಿಟಿಜನ್ ಆಗಿರುವ ಹುಡುಗನ ಜೊತೆ ನನ್ನ ಮದುವೆ ನಿಶ್ಚಯವಾಗಿದೆ. ಹಿಂದೆ ಅಕ್ಕನ ಮನೆಗೆ ಹೋಗೋಕೆ ಮಾಡಿಸಿದ 10 ವರ್ಷದ ಬಿ-2 (ಟೂರಿಸ್ಟ್) ವೀಸಾ ನನ್ನ ಹತ್ತಿರ ಇದೆ. ಅದರಲ್ಲೇ ಬಂದುಬಿಡು, ಇಲ್ಲೇ ಮದುವೆಯಾಗಿ ಗ್ರೀನ್ ಕಾರ್ಡಿಗೆ ಹಾಕೋಣ, ಏರ್‌ಪೋರ್ಟಿನಲ್ಲಿ ಮಾತ್ರ ಮದುವೆ ವಿಷಯ ಎತ್ತಬೇಡ ಅಂತ ಹುಡುಗನ ಮನೆಯವರು ಹೇಳುತ್ತಿದ್ದಾರೆ. ಹೋಗಬಹುದಾ? ಹೇಗೂ 10 ವರ್ಷ ಇದೆಯಲ್ಲ?
– ಹೆಸರು ಬೇಡ

ಉತ್ತರ: ದಯವಿಟ್ಟು ಹಾಗೆ ಹೋಗಬೇಡಿ. ಮೊದಲು ಆ 10 ವರ್ಷದ ವಿಷಯ. ಅಷ್ಟು ವರ್ಷ ನೀವು ಅಲ್ಲಿಗೆ ಹೋಗಿ ಬಂದು ಮಾಡಬಹುದು ಅಷ್ಟೇ. ಪ್ರತಿ ಸಲ ಎಷ್ಟು ದಿನ ಇರಬಹುದು ಅಂತ ತೀರ್ಮಾನ ಮಾಡುವವರು ಏರ್‌ಪೋರ್ಟಿನ ಅಧಿಕಾರಿ. ಸಾಮಾನ್ಯವಾಗಿ 6 ತಿಂಗಳು ಕೊಡುತ್ತಾರೆ. ನೀವು ಒಳಗೆ ಬಂದದ್ದನ್ನು ಬರೆದಿಡುವ ಐ-94 ದಾಖಲೆಯಲ್ಲಿರುವ ತಾರೀಖೇ ನಿಮ್ಮ ಗಡುವು.

ಇನ್ನು ಹುಡುಗನ ಮನೆಯವರ ಮಾತು. ಅದರಲ್ಲಿ ಅರ್ಧ ನಿಜ ಇದೆ. ಸರಿಯಾದ ರೀತಿಯಲ್ಲಿ ದೇಶದ ಒಳಗೆ ಬಂದು ಸಿಟಿಜನ್ ಒಬ್ಬರನ್ನು ಮದುವೆಯಾದವರು, ಗಡುವು ಮೀರಿದ್ದರೂ ಅಲ್ಲಿಂದಲೇ ಗ್ರೀನ್ ಕಾರ್ಡಿಗೆ ಅರ್ಜಿ ಹಾಕಬಹುದು. ಆದರೆ ಆ ರಿಯಾಯಿತಿ ಇರುವುದು ದಿನ ಮೀರಿದ್ದಕ್ಕೆ, ಸುಳ್ಳು ಹೇಳಿದ್ದಕ್ಕಲ್ಲ. ಮದುವೆಯಾಗಿ ಉಳಿಯಬೇಕು ಅಂತ ಮನೆಯಲ್ಲೇ ಗಟ್ಟಿ ಮಾಡಿಕೊಂಡು, ಕೌಂಟರಿನಲ್ಲಿ 'ಸುಮ್ನೆ ಅಕ್ಕನನ್ನು ನೋಡೋಕೆ ಬಂದೆ' ಅಂದರೆ ಅದು ಮೋಸ ಅಂತ ದಾಖಲಾಗಬಹುದು. ಹಾಗೆ ದಾಖಲಾದರೆ ಜೀವನಪೂರ್ತಿ ಕಾಡುತ್ತದೆ. ಅದಕ್ಕೆ ಮಾಫಿ ಕೇಳುವ ದಾರಿ ಇದೆ, ಆದರೆ ತುಂಬಾ ಕಷ್ಟ. ಅಧಿಕಾರಿಗಳು ಸೂಟ್‌ಕೇಸ್ ತೆಗೆಸಬಹುದು, ಫೋನ್ ನೋಡಬಹುದು. ಒಳಗೆ ಧಾರೆ ಸೀರೆ, ಒರಿಜಿನಲ್ ಜನನ ಪ್ರಮಾಣಪತ್ರ, ಮಾರ್ಕ್ಸ್ ಕಾರ್ಡುಗಳು, ವಾಟ್ಸಾಪಿನಲ್ಲಿ ಮದುವೆ ಮಂಟಪದ ಮಾತುಕತೆ ಸಿಕ್ಕರೆ ನೀವು ಏನು ಹೇಳುತ್ತೀರಿ? ಅಲ್ಲಿಂದಲೇ ವಾಪಸ್ ಕಳಿಸಬಹುದು.

ಒಳಗೆ ಬಿಟ್ಟರೂ ನೆಮ್ಮದಿ ಇಲ್ಲ. ವರ್ಕ್ ಪರ್ಮಿಟ್ ಬರುವ ತನಕ ಕೆಲಸ ಮಾಡುವಂತಿಲ್ಲ. ಗ್ರೀನ್ ಕಾರ್ಡ್ ಅರ್ಜಿ ಬಾಕಿ ಇರುವಾಗ, ಅಪ್ಪನಿಗೆ ಹುಷಾರಿಲ್ಲ ಅಂತ ಮುಂಚಿತ ಅನುಮತಿ ಪತ್ರ ತೆಗೆದುಕೊಳ್ಳದೆ ಊರಿಗೆ ಬಂದರೆ, ಅರ್ಜಿ ಬಿಟ್ಟುಕೊಟ್ಟ ಹಾಗೆ. ಇನ್ನು ಅರ್ಜಿಯನ್ನೇ ಹಾಕದೆ ಗಡುವು ಮೀರಿ 180 ದಿನಕ್ಕಿಂತ ಜಾಸ್ತಿ ಇದ್ದು ಹೊರಗೆ ಬಂದರೆ 3 ವರ್ಷ, ಒಂದು ವರ್ಷ ದಾಟಿಸಿದ್ದರೆ 10 ವರ್ಷ ಮತ್ತೆ ಕಾಲಿಡುವ ಹಾಗಿಲ್ಲ.

ನನಗೆ ಬೇಜಾರಾಗುವುದು ಯಾಕೆ ಅಂದರೆ, ನಿಮಗೆ ಈ ಕಳ್ಳದಾರಿ ಬೇಕಾಗಿಯೇ ಇಲ್ಲ. ಸಿಟಿಜನ್‌ನ ಹೆಂಡತಿಗೆ ವರ್ಷಕ್ಕೆ ಇಷ್ಟೇ ವೀಸಾ ಅನ್ನುವ ಮಿತಿ ಇಲ್ಲ. ಇಲ್ಲೇ ಮದುವೆಯಾಗಿ, ರಿಜಿಸ್ಟರ್ ಮಾಡಿಸಿ, ಹುಡುಗ ಹೆಂಡತಿಯನ್ನು ಕರೆಸಿಕೊಳ್ಳುವ ಐ-130 ಅರ್ಜಿ ಹಾಕಲಿ. ಅದು ಪಾಸಾದ ಮೇಲೆ ಪೊಲೀಸ್ ಕ್ಲಿಯರೆನ್ಸ್, ಮೆಡಿಕಲ್, ಇಂಟರ್‌ವ್ಯೂ. ತಿಂಗಳುಗಟ್ಟಲೆ ಕಾಯಬೇಕು, ನಿಜ. ಆದರೆ ಇಳಿದ ದಿನದಿಂದಲೇ ಕೆಲಸ ಮಾಡಬಹುದು. ಮದುವೆ ಅಲ್ಲೇ ಆಗಬೇಕು ಅಂತಿದ್ದರೆ, ಸಿಟಿಜನ್ ಜೊತೆ ಮದುವೆ ನಿಶ್ಚಯವಾದವರಿಗೆ ಕೊಡುವ ಕೆ-1 ವೀಸಾ ಇದೆ. ಅದಕ್ಕೆ ಅರ್ಜಿ ಹಾಕುವ ಹಿಂದಿನ 2 ವರ್ಷದೊಳಗೆ ಇಬ್ಬರೂ ಮುಖಾಮುಖಿ ಭೇಟಿಯಾಗಿರಬೇಕು, ಅಲ್ಲಿಗೆ ಹೋದ 90 ದಿನದೊಳಗೆ ಮದುವೆಯಾಗಬೇಕು.

ಇನ್ನೊಂದು ಮಾತು, ಇದನ್ನು ಮದುವೆ ಮನೆಯಲ್ಲಿ ಯಾರೂ ಹೇಳಲ್ಲ. ಮದುವೆಗೆ 2 ವರ್ಷ ತುಂಬಿರದಿದ್ದರೆ ಮೊದಲು ಸಿಗುವುದು 2 ವರ್ಷದ ಗ್ರೀನ್ ಕಾರ್ಡ್. ಅದರ ಕೊನೆಯ 90 ದಿನದಲ್ಲಿ ಅದನ್ನು ಕಾಯಂ ಮಾಡಿಸೋಕೆ ಇಬ್ಬರೂ ಸೇರಿ ಐ-751 ಅರ್ಜಿ ಹಾಕಬೇಕು. ಅಷ್ಟರಲ್ಲಿ ಡಿವೋರ್ಸ್ ಆದರೆ, ಅಥವಾ ಗಂಡ ಹಿಂಸೆ ಕೊಟ್ಟರೆ, ಮದುವೆ ನಿಜವಾದದ್ದು ಅಂತ ತೋರಿಸಿ ನೀವೊಬ್ಬರೇ ಹಾಕೋದಕ್ಕೂ ಅವಕಾಶ ಇದೆ. 'ನನ್ನ ಸಹಿ ಇಲ್ಲದೆ ನಿನಗೆ ಇಲ್ಲಿ ಜಾಗ ಇಲ್ಲ' ಅಂತ ಯಾರಾದರೂ ಹೆದರಿಸಿದರೆ ನಂಬಬೇಡಿ. ಪಾಸ್‌ಪೋರ್ಟ್ ನಿಮ್ಮ ಹತ್ತಿರವೇ ಇರಲಿ.

ಪ್ರಶ್ನೆ: ನಮ್ಮ ಮದುವೆಯಾಗಿದೆ, ಐ-130 ಬಾಕಿ ಇದೆ. ಬಿ-2ನಲ್ಲಿ ಹೋಗಿ ಗಂಡನನ್ನು ನೋಡಿ ಬರಬಹುದಾ?

ಉತ್ತರ: ಹೋಗಬಾರದು ಅಂತ ಕಾನೂನಿಲ್ಲ. ಆದರೆ ವಾಪಸ್ ಬರುತ್ತೀರಿ ಅಂತ ಅಧಿಕಾರಿಗೆ ನಂಬಿಕೆ ಬರಬೇಕು. ರಿಟರ್ನ್ ಟಿಕೆಟ್, ಆಫೀಸಿನ ರಜೆ ಪತ್ರ ಕೈಯಲ್ಲಿರಲಿ. ಕೇಳಿದರೆ ಗಂಡ ಇಲ್ಲಿದ್ದಾರೆ, ಅರ್ಜಿ ಹಾಕಿದ್ದೇವೆ ಅಂತ ನೇರವಾಗಿ ಹೇಳಿ. ಒಳಗೆ ಬಿಡದೆ ಇರುವ ಅಧಿಕಾರ ಅವರಿಗೆ ಆಗಲೂ ಇರುತ್ತದೆ, ಆದರೆ ನಿಜ ಹೇಳಿದ್ದಕ್ಕೆ ಐ-130ಗೆ ಪೆಟ್ಟು ಬೀಳಲ್ಲ.