ದೊಡ್ಡ ಮಹಶೀರ್ ಗಾಳಕ್ಕೆ ಬಿದ್ದರೆ ಜೀವಂತ ಬಿಡುವುದು ಹೇಗೆ?

ಕಾವೇರಿಯ ಮಹಶೀರ್, ಅಂದರೆ ನದಿ ಪಾತ್ರದ ಜನ ಬಿಳಿ ಮೀನು ಎನ್ನುವ ಮೀನಿನ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ಪರವಾನಗಿ ಪಡೆದು ಕಾವೇರಿಯಲ್ಲಿ ಗಾಳ ಹಾಕುತ್ತೇನೆ. ಈವರೆಗೆ ಸಿಕ್ಕಿದ್ದೆಲ್ಲ ಮೂರ್ನಾಲ್ಕು ಕಿಲೋದ ಮೀನುಗಳು. ಇಪ್ಪತ್ತು ಕಿಲೋದ್ದು ಬಿದ್ದರೆ ಈಗಿರುವ ರಾಡ್, ದಾರ ಸಾಕೇ? ಮೀನಿಗೆ ಏಟಾಗದಂತೆ ಬಿಡುವುದು ಹೇಗೆ?
— ಸಿದ್ದಾಪುರ, ಕೊಡಗು

ಸಾಕಾಗುವುದಿಲ್ಲ. ಸಣ್ಣ ದಾರದಲ್ಲಿ ದೊಡ್ಡ ಮೀನು ಹಿಡಿದೆ ಎಂದು ಹೇಳಿಕೊಳ್ಳುವುದರಲ್ಲಿ ಕೆಲವರಿಗೆ ಖುಷಿ ಇರಬಹುದು, ಅದರ ಬೆಲೆ ತೆರುವುದು ಮಾತ್ರ ಮೀನು. ಮುಕ್ಕಾಲು ಗಂಟೆ ಜಗ್ಗಾಡಿದ ಮೀನಿನ ಸ್ನಾಯುಗಳಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬಿ ರಕ್ತದ ಆಮ್ಲೀಯತೆ ಏರಿರುತ್ತದೆ. ಬಿಟ್ಟಾಗ ಈಜಿ ಹೋದರೂ ಕೆಲವು ಗಂಟೆಗಳ ನಂತರ ಮಡುವಿನ ತಳದಲ್ಲಿ ಸಾಯಬಹುದು. ಹಾಗಾಗಿ ಮೀನು ಉಳಿಯುತ್ತದೋ ಇಲ್ಲವೋ ಎನ್ನುವುದು ಮುಕ್ಕಾಲು ಪಾಲು ನೀವು ಮನೆಯಲ್ಲಿ ಕಟ್ಟುವ ದಾರದಲ್ಲೇ ತೀರ್ಮಾನವಾಗಿರುತ್ತದೆ.

ರೀಲಿಗೆ 65 ಪೌಂಡಿನ ಎಳೆತ ತಾಳುವ ಬ್ರೇಡ್, ಅಂದರೆ ಹೆಣೆದ ದಾರ ಸುತ್ತಿ. ಅದರ ತುದಿಗೆ ಎರಡರಿಂದ ಮೂರು ಮೀಟರ್ ಉದ್ದದ, 50 ಪೌಂಡಿನ ಒಂಟಿ ಎಳೆಯ ನೈಲಾನ್ ಲೀಡರ್, ಅಂದರೆ ಕೊಕ್ಕೆ ಕಟ್ಟುವ ತುದಿ ದಾರ ಇರಲಿ. ಬ್ರೇಡ್ ಎಷ್ಟೇ ಗಟ್ಟಿ ಇದ್ದರೂ ಬಿಗಿಯಾಗಿರುವಾಗ ಬಂಡೆಯ ಅಂಚಿಗೆ ತಾಗಿದರೆ ಕ್ಷಣದಲ್ಲಿ ಕಡಿದುಹೋಗುತ್ತದೆ. ದಪ್ಪ ನೈಲಾನ್ ಉಜ್ಜಾಟವನ್ನು ತಡೆಯುತ್ತದೆ. ಲೀಡರ್ ಬ್ರೇಡಿಗಿಂತ ಕಡಿಮೆ ಬಲದ್ದಾಗಿರಬೇಕು ಎನ್ನುವುದಕ್ಕೂ ಕಾರಣವಿದೆ: ಜಗ್ಗಿ ತುಂಡಾಗುವುದಾದರೆ ಕೊಕ್ಕೆಯ ಹತ್ತಿರವೇ ತುಂಡಾಗಲಿ. ನೂರು ಮೀಟರ್ ದಾರ ಎಳೆದುಕೊಂಡು ಹೋದ ಮೀನು ಮುಳುಗಿದ ಮರಕ್ಕೋ ಬಂಡೆ ಸಂದಿಗೋ ಸಿಕ್ಕಿ ಅಲ್ಲೇ ಕೊನೆಯಾಗುತ್ತದೆ. ಸೀಸದ ಗುಂಡನ್ನು ಮುಖ್ಯ ದಾರಕ್ಕೆ ನೇರ ಪೋಣಿಸದೆ, ತೆಳುವಾದ ಬೇರೆ ದಾರದ ತುಂಡಿನಲ್ಲಿ ಇಳಿಬಿಡಿ. ಸಿಕ್ಕಿಕೊಂಡರೆ ಗುಂಡು ಮಾತ್ರ ಹೋಗುತ್ತದೆ.

ಕೊಕ್ಕೆ 6/0 ಅಳತೆಯದ್ದು, ದಪ್ಪ ಕಡ್ಡಿಯದ್ದು, ಒಂಟಿ. ಮಹಶೀರಿಗೆ ದವಡೆಯಲ್ಲಿ ಹಲ್ಲಿಲ್ಲ. ಗಂಟಲಲ್ಲಿ ಇರುವ ಹಲ್ಲುಗಳು ಮಾತ್ರ ಏಡಿಯ ಚಿಪ್ಪನ್ನು ಪುಡಿ ಮಾಡುವಷ್ಟು ಬಲವಾದವು. ತೆಳು ಕೊಕ್ಕೆ ಅಲ್ಲಿ ನೆಟ್ಟಗಾಗುತ್ತದೆ, ಇಲ್ಲವೇ ಮುರಿಯುತ್ತದೆ. ಮೂರು ಕವಲಿನ ಕೊಕ್ಕೆ ಬೇಡವೇ ಬೇಡ: ಒಂದು ಕವಲು ತುಟಿಗೆ ಕಚ್ಚಿದ್ದರೆ ಇನ್ನೊಂದು ಕಣ್ಣಿಗೋ ಕಿವಿರಿಗೋ ಚುಚ್ಚುತ್ತದೆ. ಕೊಕ್ಕೆಯ ಹಿಮ್ಮುಳ್ಳನ್ನು ಇಕ್ಕಳದಲ್ಲಿ ಪೂರ್ತಿ ಒತ್ತಿ ಮಲಗಿಸಿ. ಸರಿಯಾಗಿ ಮಲಗಿದೆಯೇ ಎಂದು ನೋಡಲು ಹತ್ತಿ ಬಟ್ಟೆಗೆ ಚುಚ್ಚಿ ಹೊರಗೆಳೆಯಿರಿ. ನೂಲು ಸಿಕ್ಕಿಕೊಂಡರೆ ಇನ್ನೂ ಒತ್ತಬೇಕು. ಹಿಮ್ಮುಳ್ಳಿಲ್ಲದಿದ್ದರೆ ಮೀನು ತಪ್ಪಿಸಿಕೊಳ್ಳುತ್ತದೆ ಎಂಬ ಭಯ ಬೇಡ. ಮೀನು ಜಗ್ಗಾಡುವಾಗ ದಾರ ಸಡಿಲ ಬಿಡದಿದ್ದರೆ ಸಾಕು.

ರೀಲಿನ ಡ್ರ್ಯಾಗ್, ಅಂದರೆ ದಾರ ಬಿಚ್ಚಿಕೊಳ್ಳುವುದನ್ನು ತಡೆಯುವ ಬ್ರೇಕನ್ನು ಕೈ ಅಂದಾಜಿನಲ್ಲಿ ಬಿಗಿಯಬೇಡಿ. ರಾಡನ್ನು ಬಾಗಿಸಿ ಹಿಡಿದು ದಾರದ ತುದಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆಯಿರಿ. 50 ಪೌಂಡ್ ಅಂದರೆ ಸುಮಾರು 23 ಕಿಲೋ. ಅದರ ಕಾಲು ಭಾಗ, ಅಂದರೆ 5ರಿಂದ 6 ಕಿಲೋದಲ್ಲಿ ರೀಲು ದಾರ ಬಿಡಬೇಕು. ಗಂಟು ಹಾಕಿದಲ್ಲಿ ದಾರದ ಬಲ ಕುಗ್ಗುವುದರಿಂದ ಇದಕ್ಕಿಂತ ಬಿಗಿ ಮಾಡುವುದು ಅಪಾಯ.

ಮೀನು ಕಚ್ಚಿದ ಮೇಲಿನ ಮೊದಲ ಓಟವನ್ನು ತಡೆಯಲಾಗದು, ಓಡಲಿ. ಆಮೇಲೆ ಬಹಳ ಜನ ಮಾಡುವ ತಪ್ಪೆಂದರೆ ನಿಂತಲ್ಲೇ ನಿಂತು ಮೀನನ್ನು ಸೆಳವಿಗೆ ಎದುರಾಗಿ ಎಳೆಯುವುದು. ಆಗ ಮೀನಿನ ತೂಕದ ಜೊತೆ ನೀರಿನ ಒತ್ತಡವನ್ನೂ ನೀವೇ ಎಳೆಯುತ್ತೀರಿ, ಹೊತ್ತು ಎರಡರಷ್ಟಾಗುತ್ತದೆ. ದಡದಲ್ಲಿ ನಡೆದೋ ಹರಿಗೋಲಿನಲ್ಲೋ ಮೀನಿನ ಸಮಕ್ಕೆ, ಸಾಧ್ಯವಾದರೆ ಅದಕ್ಕಿಂತ ಸ್ವಲ್ಪ ಕೆಳಗೆ ಹೋಗಿ. ರಾಡನ್ನು ಆಕಾಶಕ್ಕೆ ಎತ್ತದೆ ನೀರಿಗೆ ಸಮನಾಗಿ ಮಲಗಿಸಿ ಪಕ್ಕಕ್ಕೆ ಎಳೆಯಿರಿ. ತಲೆ ಪಕ್ಕಕ್ಕೆ ತಿರುಗಿದರೆ ಮೀನಿನ ಬಲ ಅರ್ಧಕ್ಕೆ ಇಳಿಯುತ್ತದೆ. ಬಂಡೆ ಸಂದಿಯಲ್ಲಿ ನಿಂತುಬಿಟ್ಟರೆ ದಾರವನ್ನು ಒಂದೆರಡು ನಿಮಿಷ ಸಡಿಲಿಸಿ. ಎಳೆತ ನಿಂತಿತೆಂದು ಎಷ್ಟೋ ಸಲ ಅದೇ ಹೊರಗೆ ಬರುತ್ತದೆ. ಬರದಿದ್ದರೆ ಹರಿಗೋಲು ಆಚೆ ಮಗ್ಗುಲಿಗೆ ಹೋಗಬೇಕು.

ಕೊನೆಯ ಹಂತಕ್ಕೆ ಜಾಗವನ್ನು ಗಾಳ ಎಸೆಯುವ ಮೊದಲೇ ಗುರುತಿಸಿಡಿ: ಮೊಣಕಾಲುದ್ದ ನೀರು, ಮಂದ ಹರಿವು, ಕೆಸರಿಲ್ಲದ ತಳ. ಮೊಸಳೆ ಇರುವ ಭಾಗಗಳಲ್ಲಿ ನೀರಿಗಿಳಿದವನೊಬ್ಬ, ಸುತ್ತ ಕಣ್ಣಿಡುವವನೊಬ್ಬ ಇರಬೇಕು. ಸಂಜೆಯಾದರೆ ಹಿಂದಿನ ದಡದಲ್ಲಿ ಆನೆ ಬಂದಿದೆಯೇ ಎಂದು ನೋಡುವುದೂ ಅವನದೇ ಕೆಲಸ.

ಗಂಟು ಹಾಕಿದ ನೈಲಾನ್ ಬಲೆಯಲ್ಲಿ ಮೀನನ್ನು ಎತ್ತಬಾರದು. ಮಹಶೀರಿನ ಹುರುಪೆ ದೊಡ್ಡದು. ಗಂಟಿನ ಬಲೆ ಅದನ್ನು ಎಬ್ಬಿಸಿ ಹಾಕುತ್ತದೆ, ಮೇಲಿನ ಲೋಳೆಯನ್ನು ಒರೆಸುತ್ತದೆ, ಆ ಜಾಗದಲ್ಲಿ ಹತ್ತಿಯಂತಹ ಬಿಳಿ ಬೂಷ್ಟು ಹಿಡಿಯುತ್ತದೆ. ರಬ್ಬರ್ ಲೇಪದ, ಗಂಟಿಲ್ಲದ ಬಲೆ ಇದ್ದರೆ ಮೀನನ್ನು ಅದರೊಳಗೆ ನೀರಲ್ಲೇ ಇರಿಸಿಕೊಳ್ಳಿ. ಇಲ್ಲದಿದ್ದರೆ ಒದ್ದೆ ಕೈ ಸಾಕು: ಒಂದು ಕೈ ಬಾಲದ ಬುಡಕ್ಕೆ, ಇನ್ನೊಂದು ಎದೆಯ ರೆಕ್ಕೆಗಳ ಹಿಂದೆ ಹೊಟ್ಟೆಯ ಕೆಳಗೆ. ಕಿವಿರಿನೊಳಗೆ ಬೆರಳು ಹಾಕಬೇಡಿ. ತುಟಿ ಹಿಡಿಯುವ ಇಕ್ಕಳ ಬೇರೆ ಮೀನಿಗೆ ಸರಿ, ಇದಕ್ಕಲ್ಲ. ಮುಂದಕ್ಕೆ ಚಾಚುವ ಬಾಯಿಯ ಪೊರೆ ಆ ಭಾರಕ್ಕೆ ಹರಿಯುತ್ತದೆ. ಬಿಸಿಲೇರಿದ ಬಂಡೆ, ಮರಳು, ಹರಿಗೋಲಿನ ಒಣ ತಳ, ಇವುಗಳ ಮೇಲೆ ಒಂದು ಕ್ಷಣವೂ ಮಲಗಿಸಬಾರದು. ಮಾರ್ಚ್ ಮಧ್ಯಾಹ್ನದ ಕರಿ ಬಂಡೆಯ ಮೇಲೆ ನೀವೇ ಬರಿಗಾಲಿನಲ್ಲಿ ನಿಲ್ಲಲಾರಿರಿ.

ಫೋಟೋ ಬೇಕೆಂದರೆ ಕ್ಯಾಮೆರಾ ಮೊದಲೇ ಸಿದ್ಧವಿರಲಿ. ಮೀನು ನೀರಿನಲ್ಲೇ ಇರಲಿ. ಎತ್ತಲೇಬೇಕೆಂದರೆ ಅಡ್ಡಲಾಗಿ, ನೀರಿನಿಂದ ಒಂದು ಗೇಣು ಮೇಲಕ್ಕೆ, ಹತ್ತು ಎಣಿಸುವಷ್ಟರಲ್ಲಿ ಮತ್ತೆ ಕೆಳಗೆ. ಹಳೆಯ ಚಿತ್ರಗಳಲ್ಲಿ ಕಾಣುವಂತೆ ಕಿವಿರಿಗೆ ಹಗ್ಗ ಪೋಣಿಸಿ ತೂಗುಹಾಕಿದರೆ ಬೆನ್ನುಮೂಳೆಗೂ ಒಳಗಿನ ಅಂಗಗಳಿಗೂ ಪೆಟ್ಟು. ಬೆಳಕು ಬರಲಿ ಎಂದು ಮೀನನ್ನು ರಾತ್ರಿಯಿಡೀ ಹಗ್ಗದಲ್ಲಿ ಕಟ್ಟಿಡುವ ಪದ್ಧತಿಯೂ ಒಂದು ಕಾಲಕ್ಕಿತ್ತು. ಅದನ್ನು ಬಿಟ್ಟುಬಿಡಿ.

ಇನ್ನು ಬಿಡುವುದು. ಮೀನಿನ ಮುಖ ಹರಿವಿಗೆ ಎದುರಾಗಿರಲಿ, ಸುಮ್ಮನೆ ಹಿಡಿದುಕೊಂಡಿರಿ. ಹಿಂದೆ ಮುಂದೆ ಆಡಿಸುವುದು ಎಲ್ಲರೂ ಮಾಡುವ ತಪ್ಪು. ಹಿಂದಕ್ಕೆ ಎಳೆದಾಗ ಕಿವಿರಿನೊಳಗೆ ನೀರು ಉಲ್ಟಾ ಹರಿಯುತ್ತದೆ. ಬಿಡುವ ಮುನ್ನ ನಾಲ್ಕು ಗುರುತು ನೋಡಿ. ಕಿವಿರಿನ ಮುಚ್ಚಳ ಒಂದೇ ಲಯದಲ್ಲಿ ಆಡುತ್ತಿರಬೇಕು. ಮೈಯನ್ನು ಮೆಲ್ಲಗೆ ಒಂದು ಮಗ್ಗುಲಿಗೆ ವಾಲಿಸಿದರೆ ಕಣ್ಣುಗುಡ್ಡೆ ಮೈಯ ಜೊತೆ ವಾಲದೆ ಮಟ್ಟಸವಾಗಿ ನಿಲ್ಲಲು ತಿರುಗಬೇಕು. ನೀರಲ್ಲೇ ಅಂಗಾತ ಮಾಡಿದರೆ ಮೂರು ಸೆಕೆಂಡಿನಲ್ಲಿ ತಾನಾಗಿ ಸರಿಯಾಗಬೇಕು. ಬಾಲದ ಬುಡ ಅಮುಕಿದರೆ ಕೊಸರಿಕೊಳ್ಳಬೇಕು. ಇವುಗಳಲ್ಲಿ ಕಣ್ಣಿನ ಗುರುತನ್ನು ಹೆಚ್ಚು ನಂಬಬಹುದು, ಬಹಳ ದಣಿದ ಮೀನಿನಲ್ಲಿ ಮಾತ್ರ ಅದು ಇಲ್ಲವಾಗುತ್ತದೆ. ಎಲ್ಲ ಸರಿಯಿದ್ದರೆ ಕೈ ಸಡಿಲಿಸಿ, ಅದೇ ಹೋಗಲಿ, ದೂಡಬೇಡಿ. ಇಪ್ಪತ್ತು ಕಿಲೋದ ಮೀನು ಇದಕ್ಕೆ ಹತ್ತು ನಿಮಿಷ ಕೇಳಿದರೂ ಆಶ್ಚರ್ಯವಿಲ್ಲ.

ಪ್ರಶ್ನೆ: ಬಿಟ್ಟ ಮೀನು ಹೊಟ್ಟೆ ಮೇಲಾಗಿ ತೇಲಿತು. ಗಾಳಿ ತುಂಬಿದೆ, ಸೂಜಿಯಿಂದ ಚುಚ್ಚಿ ತೆಗೆಯಬೇಕು ಎಂದು ಸ್ನೇಹಿತರು ಹೇಳಿದರು. ಇದು ಸರಿಯೇ?
— ಕುಶಾಲನಗರ

ದಯವಿಟ್ಟು ಚುಚ್ಚಬೇಡಿ. ಅದು ಆಳ ಸಮುದ್ರದ ಕೆಲವು ಮೀನುಗಳಿಗೆ ಮಾಡುವ ಉಪಾಯ. ಮಹಶೀರ್ ಗೆಂಡೆ ಮೀನಿನ ಕುಲದ್ದು. ಈ ಕುಲದಲ್ಲಿ ಗಾಳಿಚೀಲದಿಂದ ಅನ್ನನಾಳಕ್ಕೆ ಒಂದು ಕೊಳವೆ ಇರುತ್ತದೆ, ಹೆಚ್ಚಾದ ಗಾಳಿಯನ್ನು ಬಾಯಿಯಿಂದಲೇ ಬಿಡುತ್ತದೆ. ನಿಮ್ಮ ಮೀನು ತೇಲಿದ್ದು ಸುಸ್ತಿಗೆ. ಮತ್ತೆ ಹಿಡಿದು ನೆಟ್ಟಗೆ ನಿಲ್ಲಿಸಿ, ಹರಿವಿಗೆ ಮುಖ ಮಾಡಿಸಿ ಕಾಯುವುದೊಂದೇ ದಾರಿ.

ಯಾವ ತಿಂಗಳಲ್ಲಿ ಹೀಗಾಯಿತು ಎಂದು ನೀವು ಬರೆದಿಲ್ಲ. ಏಪ್ರಿಲ್, ಮೇ ತಿಂಗಳಾಗಿದ್ದರೆ ನೀರಿನ ಬಿಸಿಯೂ ಕಾರಣ. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದರೆ 30 ಡಿಗ್ರಿಯದ್ದು ಏಳೂವರೆ ಮಾತ್ರ. ಮೀನಿಗೆ ಬೇಕಾಗುವ ಆಮ್ಲಜನಕ ಮಾತ್ರ ಬಿಸಿಯ ಜೊತೆ ಏರುತ್ತದೆ. ಬೇಸಿಗೆಯಲ್ಲಿ ಬೆಳಗಿನ ಹೊತ್ತು ಗಾಳ ಹಾಕಿ, ಬಿಸಿಲೇರಿದ ಮೇಲೆ ನಿಲ್ಲಿಸಿ. ಮಳೆ ಹಿಡಿದ ಮೇಲಂತೂ ಬೇಡ, ಅದು ಮಹಶೀರ್ ಹೊಳೆಯೇರಿ ಮೊಟ್ಟೆಯಿಡುವ ಕಾಲ.

ಪ್ರಶ್ನೆ: ರಾಗಿ ಮುದ್ದೆ ಕಟ್ಟಿ ಗಾಳ ಹಾಕುತ್ತೇವೆ. ಕೆಲವು ಸಲ ಮೀನು ಕೊಕ್ಕೆಯನ್ನು ಪೂರ್ತಿ ನುಂಗಿರುತ್ತದೆ. ತೆಗೆಯುವುದು ಹೇಗೆ?
— ಹುಣಸೂರು

ಕೊಕ್ಕೆ ಕಣ್ಣಿಗೆ ಕಾಣುತ್ತಿದ್ದರೆ ಉದ್ದ ಮೂತಿಯ ಇಕ್ಕಳದಲ್ಲಿ ಹಿಡಿದು, ಚುಚ್ಚಿದ ದಿಕ್ಕಿಗೆ ವಿರುದ್ಧವಾಗಿ ತಿರುಗಿಸಿದರೆ ಬರುತ್ತದೆ. ಕಾಣದಿದ್ದರೆ ತೆಗೆಯಬೇಡಿ. ಗಂಟಲಿನ ಪಕ್ಕದಲ್ಲೇ ಕಿವಿರು ಮತ್ತು ಹೃದಯ ಇವೆ, ಎಳೆದಾಟದಲ್ಲಿ ರಕ್ತ ಚಿಮ್ಮಿದರೆ ಮೀನು ಉಳಿಯುವುದು ಕಷ್ಟ. ದಾರವನ್ನು ಬಾಯಿಯ ಆಳಕ್ಕೆ ಹೋಗಿ ಆದಷ್ಟು ಗಿಡ್ಡ ಕತ್ತರಿಸಿ ಬಿಟ್ಟುಬಿಡಿ. ಈ ಕಾರಣಕ್ಕೇ ಸ್ಟೇನ್‌ಲೆಸ್ ಕೊಕ್ಕೆ ಬೇಡ ಎನ್ನುವುದು. ಸಾಮಾನ್ಯ ಉಕ್ಕಿನದ್ದು ತುಕ್ಕು ಹಿಡಿದು ಕಳಚಿಕೊಳ್ಳುವ ಸಾಧ್ಯತೆಯಾದರೂ ಇರುತ್ತದೆ.

ನುಂಗದಂತೆ ನೋಡಿಕೊಳ್ಳುವುದು ನಿಮ್ಮ ಕೈಯಲ್ಲೇ ಇದೆ. ರಾಡನ್ನು ಕವೆಕೋಲಿಗೆ ಒರಗಿಸಿ ಮಾತಿಗೆ ಕೂತರೆ ನುಂಗುತ್ತದೆ. ದಾರವನ್ನು ಬೆರಳ ಮೇಲೆ ಹಿಡಿದಿದ್ದು, ಎಳೆತ ತಿಳಿದ ಕೂಡಲೇ ಕೊಕ್ಕೆ ನಾಟಿಸಿದರೆ ಬಹುತೇಕ ತುಟಿಯಂಚಿಗೇ ಬೀಳುತ್ತದೆ. ಮುದ್ದೆಯನ್ನು ನಿಂಬೆಹಣ್ಣಿನ ಗಾತ್ರಕ್ಕಿಂತ ದೊಡ್ಡದಾಗಿ ಕಟ್ಟಿ, ಕುದಿಯುವ ನೀರಿನಲ್ಲಿ ಹೊರಮೈ ರಬ್ಬರಿನಂತಾಗುವವರೆಗೆ ಬೇಯಿಸಿ. ಸಣ್ಣ ಮೀನುಗಳು ಕೊರೆದು ತಿನ್ನುವುದೂ ತಪ್ಪುತ್ತದೆ.

ಪ್ರಶ್ನೆ: ಭೀಮೇಶ್ವರಿ, ಗಾಳಿಬೋರೆ ಕಡೆ ಮೊದಲು ಮಹಶೀರ್ ಹಿಡಿದು ಬಿಡಲು ಅವಕಾಶವಿತ್ತು. ಬಿಡುವುದೇ ಆದರೆ ಈಗ ಯಾಕೆ ಬೇಡ?
— ಕನಕಪುರ

ಆ ನದಿ ಪಾತ್ರ 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಜೀವಿಧಾಮದೊಳಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಭಯಾರಣ್ಯದಲ್ಲಿ ಗಾಳ ಹಾಕುವಂತಿಲ್ಲ, ಬಿಡುತ್ತೇನೆ ಎಂದರೂ ಇಲ್ಲ. ಗಾಳದ ಶಿಬಿರಗಳಿದ್ದಾಗ ಅಲ್ಲಿನ ಕಾವಲುಗಾರರಿಂದ ಸಿಡಿಮದ್ದು ಹಾಕುವವರಿಗೆ ತಡೆಯಿತ್ತು ಎಂಬ ವಾದದಲ್ಲಿ ಹುರುಳಿದೆ. ಆದರೂ ಕಾನೂನು ಇರುವುದು ಹೀಗೆ. ಅಭಯಾರಣ್ಯದ ಹೊರಗೂ ಸಂಬಂಧಪಟ್ಟವರ ಪರವಾನಗಿ ಲಿಖಿತವಾಗಿ ಕೈಯಲ್ಲಿರಲಿ. ರಾಮನಾಥಪುರ, ಶೃಂಗೇರಿಯಂತಹ ಕ್ಷೇತ್ರಗಳ ಮೀನು ದೇವರ ಮೀನು, ಅಲ್ಲಿ ಗಾಳದ ಮಾತೇ ಇಲ್ಲ.

ಇನ್ನೊಂದು ಮಾತು. ಕಾವೇರಿಯಲ್ಲಿ ಈಗ ಹೆಚ್ಚು ಸಿಗುವುದು ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್. ಇಲ್ಲಿನ ಮೂಲನಿವಾಸಿ, ಕಿತ್ತಳೆ ಬಣ್ಣದ ರೆಕ್ಕೆಯ ಗೂನುಬೆನ್ನಿನ ಮಹಶೀರ್ ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಬಿಟ್ಟರೆ ಜಗತ್ತಿನ ಬೇರೆಲ್ಲೂ ಇಲ್ಲ. ಅದು ಟಾರ್ ರೆಮದೇವಿ ಎಂಬ ಪ್ರಭೇದವೆಂದು ಖಚಿತವಾದದ್ದು 2018ರಲ್ಲಿ. ಅದೇ ವರ್ಷ ಅಳಿವಿನ ಅಂಚಿನಲ್ಲಿರುವ ಪಟ್ಟಿಗೂ ಸೇರಿತು. ತಲೆಯ ಹಿಂದೆ ಬೆನ್ನು ಕಡಿದಾಗಿ ಏರಿದ ಮೀನು ಅಕಸ್ಮಾತ್ ಬಿದ್ದರೆ ಮೇಲೆತ್ತದೆ, ಅಳೆಯದೆ, ನೀರಲ್ಲೇ ಕೊಕ್ಕೆ ಕಳಚಿ. ದೊಡ್ಡವು ಹೆಚ್ಚಾಗಿ ಹೆಣ್ಣು.

ಪ್ರಶ್ನೆ: ತಕ್ಕಡಿಗೆ ಹಾಕದೆ ತೂಕ ತಿಳಿಯಬಹುದೇ?
— ಮೈಸೂರು

ಧಾರಾಳವಾಗಿ. ಮೂತಿಯಿಂದ ಬಾಲದ ಕವಲಿನವರೆಗೆ ಉದ್ದ, ಬೆನ್ನಿನ ರೆಕ್ಕೆಯ ಮುಂದೆ ಅತಿ ದಪ್ಪವಿರುವಲ್ಲಿ ಸುತ್ತಳತೆ, ಎರಡನ್ನೂ ಸೆಂಟಿಮೀಟರಿನಲ್ಲಿ ಅಳೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 28,900ರಿಂದ ಭಾಗಿಸಿದರೆ ಕಿಲೋ ಸಿಗುತ್ತದೆ. ಉದ್ದ 120, ಸುತ್ತಳತೆ 70 ಇದ್ದರೆ 20 ಕಿಲೋ ಚಿಲ್ಲರೆ. ನಿಮ್ಮೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು 1946ರಲ್ಲಿ ಕಬಿನಿಯಲ್ಲಿ ಹಿಡಿದ ದಾಖಲೆಯ ಮೀನು 120 ಪೌಂಡ್, ಅಂದರೆ 54 ಕಿಲೋ ಇತ್ತು.

ದರ್ಜಿಗಳು ಬಳಸುವ ಮೆತ್ತನೆಯ ಟೇಪನ್ನು ಒದ್ದೆ ಮಾಡಿ, ಮೀನು ನೀರಲ್ಲಿರುವಾಗಲೇ ಹೊಟ್ಟೆಯ ಕೆಳಗೆ ತೂರಿಸಿ ಅಳೆಯಿರಿ. ಸುತ್ತಳತೆಯಲ್ಲಿ ಎರಡೂವರೆ ಸೆಂಟಿಮೀಟರ್ ಹೆಚ್ಚು ಓದಿದರೂ ಮೇಲಿನ ಮೀನು ಒಂದೂವರೆ ಕಿಲೋ ಹೆಚ್ಚು ತೂಗುತ್ತದೆ, ಆದ್ದರಿಂದ ಟೇಪು ರೆಕ್ಕೆಯ ಮೇಲೆ ಹಾದುಹೋಗದಂತೆ ನೋಡಿಕೊಳ್ಳಿ.