ಬೇಸಿಗೆ ಬಂದರೆ ಭಕ್ತಿಗೂ ರಜೆಯೇ?

ಅಮೆರಿಕದ ಮಿನೆಸೋಟ ರಾಜ್ಯದಲ್ಲಿ, ಮಿನಿಯಾಪೊಲಿಸ್ ಹತ್ತಿರ ಮಗಳ ಮನೆಗೆ ಹೋಗಿರುವ ಹಿರಿಯ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಅದರ ಸಾರ ಇಷ್ಟು: "ಪಕ್ಕದ ಮನೆಯ ಅಜ್ಜಿ ತಮ್ಮ ಲುಥೆರನ್ ಚರ್ಚಿಗೆ ಕರೆದರು. ಹೋದೆವು. ಭಾನುವಾರವೇ ಅರ್ಧ ಬೆಂಚು ಖಾಲಿ. ಕಾಯರ್‌ಗೆ, ಅಂದರೆ ಹಾಡುವ ತಂಡಕ್ಕೆ, ಬೇಸಿಗೆಯಿಡೀ ರಜೆಯಂತೆ, ಪಾಸ್ಟರ್ ಕೂಡ ಊರಲ್ಲಿಲ್ಲ. ಎಷ್ಟೋ ಜನ ಚಡ್ಡಿಯಲ್ಲೇ ಬಂದಿದ್ದರು. ಬುಧವಾರ ಸಂಜೆ ಹುಲ್ಲಿನ ಮೇಲೆ ಕುರ್ಚಿ ಹಾಕಿಕೊಂಡು ಮತ್ತೊಂದು ಆರಾಧನೆ, ಆಮೇಲೆ ಊಟ. ನಮ್ಮಲ್ಲಿ ಚಾತುರ್ಮಾಸ್ಯ ಬಂದರೆ ಭಕ್ತಿ ಜಾಸ್ತಿಯಾಗುತ್ತೆ. ಇವರ ಭಕ್ತಿ ಬೇಸಿಗೆಯಲ್ಲಿ ರಜೆ ಹಾಕುತ್ತಾ? ಇದು ಪ್ರಾರ್ಥನೆಯೋ, ಪಿಕ್ನಿಕ್ಕೋ? ಲುಥೆರನ್ ಅಂದರೆ ನಮ್ಮ ಮಂಗಳೂರಿನ ಬಾಸೆಲ್ ಮಿಷನ್‌ನವರೇನಾ? ಮತ್ತೆ ಕರೆದಿದ್ದಾರೆ, ಹೋಗಬಹುದಾ? ನಾವು ಸಸ್ಯಾಹಾರಿಗಳು."

ಹಿರಿಯರೇ, ನಮಸ್ಕಾರ. ಧಾರಾಳವಾಗಿ ಹೋಗಿ. ಊಟದ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ, ಕಷ್ಟ ಇರೋದು ಅಲ್ಲೇ.

ಚರ್ಚಿನ ಮುಂದುಗಡೆಯ ಮೇಜಿಗೆ ಹಸಿರು ಬಟ್ಟೆ ಹಾಸಿತ್ತು, ಅಲ್ವಾ? ಪಾಸ್ಟರ್ ಬದಲಿಗೆ ಬಂದವರು ಕೊರಳಿಂದ ಇಳಿಬಿಟ್ಟಿದ್ದ ಪಟ್ಟಿಯೂ ಹಸಿರೇ ಇದ್ದಿರಬೇಕು. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಆ ಬಣ್ಣದಲ್ಲಿದೆ. ಅವರ ಆರಾಧನೆಯ ವರ್ಷ ಶುರುವಾಗೋದು ನವೆಂಬರ್ ಕೊನೆಗೋ ಡಿಸೆಂಬರ್ ಮೊದಲಿಗೋ. ಕ್ರಿಸ್‌ಮಸ್ ಬರುತ್ತೆ, ಈಸ್ಟರ್‌ಗೆ ಮುಂಚಿನ ನಲವತ್ತು ದಿನದ ವ್ರತಕಾಲ ಬರುತ್ತೆ, ಈಸ್ಟರ್ ಆಗಿ ಐವತ್ತನೇ ದಿನಕ್ಕೆ ಪೆಂಟೆಕೋಸ್ಟ್, ಪವಿತ್ರಾತ್ಮ ಇಳಿದು ಬಂದದ್ದರ ಹಬ್ಬ. ಜೂನ್ ಕಳೆಯುವುದರೊಳಗೆ ದೊಡ್ಡ ಹಬ್ಬಗಳೆಲ್ಲ ಮುಗಿದಿರುತ್ತವೆ. ಅಲ್ಲಿಂದ ನವೆಂಬರ್‌ವರೆಗೆ, ಹೆಚ್ಚು ಕಡಿಮೆ ಅರ್ಧ ವರ್ಷ, ಹಸಿರು ಬಟ್ಟೆಯ ಕಾಲ. ಹೇಳಿಕೊಳ್ಳುವಂಥ ಹಬ್ಬ ಬಹಳ ಕಡಿಮೆ. ಡಿಸೆಂಬರ್‌ನಿಂದ ಒಂದರ ಹಿಂದೊಂದು ಹಬ್ಬಕ್ಕೆ ಹಾಡಿದ ಕಾಯರ್ ಈಗ ಸುಧಾರಿಸಿಕೊಳ್ಳುತ್ತಿದೆ, ಅಷ್ಟೇ. ಸಂಡೇ ಸ್ಕೂಲ್ ಕೂಡ ಮಕ್ಕಳ ಶಾಲೆಯ ಜೊತೆಗೇ ಮುಚ್ಚುತ್ತೆ.

ಇನ್ನರ್ಧ ಉತ್ತರ ಮಿನೆಸೋಟದ ಹವೆಯಲ್ಲಿದೆ. ನೀವು ಬೇಸಿಗೆಗೆ ಹೋದವರು, ಆ ಊರಿನ ಜನವರಿ ನೋಡಿಲ್ಲ. ಕಾರುಗಳ ನಂಬರ್ ಪ್ಲೇಟ್ ಮೇಲೆ 10,000 ಕೆರೆಗಳ ನಾಡು ಅಂತ ಬರೆದಿರುತ್ತೆ, ಗಮನಿಸಿ. ಚಳಿಗಾಲದಲ್ಲಿ ಆ ಕೆರೆಗಳು ಎಷ್ಟು ಗಟ್ಟಿಯಾಗಿ ಹೆಪ್ಪುಗಟ್ಟುತ್ತವೆ ಅಂದರೆ ಜನ ಅದರ ಮೇಲೆ ಕಾರು ಓಡಿಸಿಕೊಂಡು ಮೀನು ಹಿಡಿಯೋಕೆ ಹೋಗುತ್ತಾರೆ. ಹೊರಗೆ ಸುಮ್ನೆ ಕೂರುವಂಥ ಭಾನುವಾರ ಅವರಿಗೆ ಸಿಗೋದು ವರ್ಷದಲ್ಲಿ ಮೂರು ತಿಂಗಳು. ಶುಕ್ರವಾರ ಸಂಜೆಯಾದರೆ ಉತ್ತರದ ಕಡೆಗೆ ಹೋಗುವ ರಸ್ತೆ ತುಂಬ ದೋಣಿ ಎಳೆದುಕೊಂಡು ಹೋಗುವ ಗಾಡಿಗಳೇ. ಭಾನುವಾರ ಊರಲ್ಲಿ ಇರದವರಿಗಾಗಿಯೇ ಬುಧವಾರದ ಆರಾಧನೆ. ಕೆಲವು ಚರ್ಚುಗಳಲ್ಲಿ ಅದು ಗುರುವಾರ.

ಚಾತುರ್ಮಾಸ್ಯದ ಮಾತು ಬಂತು. ಯತಿಗಳು ಆ ತಿಂಗಳುಗಳಲ್ಲಿ ಒಂದೇ ಕಡೆ ನಿಲ್ಲೋದು ಏಕೆ? ಮಳೆಗಾಲದಲ್ಲಿ ತಿರುಗಾಡೋದು ಕಷ್ಟ, ನೆಲದಲ್ಲಿ ಹುಟ್ಟಿದ ಹುಳುಹುಪ್ಪಟೆ ಕಾಲಿಗೆ ಸಿಕ್ಕಿ ಸಾಯುತ್ತವೆ. ಅಲ್ಲೂ ಕಟ್ಟಳೆಯ ಹಿಂದೆ ಹವೆ ಇದೆ. ನಮ್ಮ ಮಳೆ ಗುರುಗಳನ್ನು ಒಂದೂರಲ್ಲಿ ನಿಲ್ಲಿಸುತ್ತೆ, ಅವರ ಬಿಸಿಲು ಭಕ್ತರನ್ನು ಊರು ಬಿಡಿಸುತ್ತೆ.

ಆದರೆ ಭಾನುವಾರ ಬಿಟ್ಟು ಬುಧವಾರ ನಡೆಸಿದರೆ ನಡೆಯುತ್ತಾ ಅನ್ನೋದು ನ್ಯಾಯವಾದ ಪ್ರಶ್ನೆ. ಲುಥೆರನ್ ಪಂಥದ ಮೂಲಪುರುಷ, ಜರ್ಮನಿಯ ಮಾರ್ಟಿನ್ ಲೂಥರ್ 1529ರಲ್ಲಿ ಎರಡು ಪ್ರಶ್ನೋತ್ತರ ಪುಸ್ತಕ ಬರೆದರು, ಮನೆಮಂದಿಗೆ ಚಿಕ್ಕದು, ಪಾದ್ರಿಗಳಿಗೆ ದೊಡ್ಡದು. ಸಬ್ಬತ್, ಅಂದರೆ ವಾರದ ವಿಶ್ರಾಂತಿ ದಿನದ, ಆಜ್ಞೆಗೆ ಚಿಕ್ಕ ಪುಸ್ತಕದಲ್ಲಿ ಕೊಟ್ಟ ವಿವರಣೆಯಲ್ಲಿ ಯಾವ ವಾರದ ಹೆಸರೂ ಇಲ್ಲ. ದೇವರ ವಾಕ್ಯವನ್ನು ಅಸಡ್ಡೆ ಮಾಡಬೇಡಿ, ಸಂತೋಷದಿಂದ ಕೇಳಿ ಕಲಿಯಿರಿ ಅಂತ ಮಾತ್ರ ಇದೆ. ದೊಡ್ಡದರಲ್ಲಿ ಇನ್ನೂ ಬಿಡಿಸಿ ಹೇಳುತ್ತಾರೆ: ಇಂಥದ್ದೇ ದಿನ ಅಂತ ಕಟ್ಟಿಲ್ಲ, ಯಾವ ದಿನವೂ ಇನ್ನೊಂದಕ್ಕಿಂತ ಮೇಲಲ್ಲ, ಆದರೂ ಹಿಂದಿನಿಂದ ಭಾನುವಾರ ನಡೆದು ಬಂದಿದೆ, ಸುಮ್ಮಸುಮ್ಮನೆ ಬದಲಿಸಿ ಗೊಂದಲ ಮಾಡಬೇಡಿ. ಅದಕ್ಕೇ ನೋಡಿ, ಆ ಚರ್ಚಿನವರು ಭಾನುವಾರವನ್ನು ಬಿಟ್ಟಿಲ್ಲ. ಅರ್ಧ ಬೆಂಚು ಖಾಲಿಯಿದ್ದರೂ ನಡೆಸುತ್ತಿದ್ದಾರೆ, ಜೊತೆಗೆ ಬುಧವಾರ ಸೇರಿಸಿಕೊಂಡಿದ್ದಾರೆ.

ಇನ್ನೊಂದು ಮಾತು. ಲುಥೆರನ್ನರ ಮೂಲ ನಂಬಿಕೆಪತ್ರವನ್ನು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಚಕ್ರವರ್ತಿ ಐದನೇ ಚಾರ್ಲ್ಸ್‌ನ ಮುಂದೆ ಓದಿದ್ದು 1530ರ ಜೂನ್ 25ರಂದು. ಬೇಸಿಗೆಯೇ! ಹೊರಗೆ ಅಂಗಳದಲ್ಲಿ ನಿಂತವರಿಗೂ ಕೇಳುವಂತೆ ಗಟ್ಟಿಯಾಗಿ ಓದಿದರಂತೆ. ಅದರ ಏಳನೇ ಕಲಮು ಹೇಳೋದು ಇದನ್ನೇ: ಸುವಾರ್ತೆಯನ್ನು ಸರಿಯಾಗಿ ಸಾರಿದರೆ, ಸಂಸ್ಕಾರಗಳನ್ನು ಸರಿಯಾಗಿ ನಡೆಸಿದರೆ ಸಾಕು, ಮನುಷ್ಯರು ಮಾಡಿಕೊಂಡ ಪದ್ಧತಿಗಳು ಎಲ್ಲ ಕಡೆ ಒಂದೇ ಥರ ಇರಬೇಕಿಲ್ಲ. ಚಡ್ಡಿ ಆ ಲೆಕ್ಕಕ್ಕೆ ಬರುತ್ತೆ ಅಂದುಕೊಳ್ಳಿ.

ಪಿಕ್ನಿಕ್ಕೋ ಅಂತ ಕೇಳಿದ್ದೀರಿ. ನಾನೂ ಹಿಂದೊಮ್ಮೆ ಅಂಥ ಬಯಲು ಆರಾಧನೆಯಲ್ಲಿ ಕೂತಿದ್ದೇನೆ. ಮುಂದಿನ ಸಾಲಲ್ಲಿ ಕೂರಬೇಡಿ, ಹಿಂದೆ ಕೂತು ಕೆಲಸ ಮಾಡುವವರನ್ನು ನೋಡಿ. ಮಡಚುವ ಮೇಜಿಗೆ ಬಿಳಿ ಬಟ್ಟೆ ಹಾಸಿ, ಗಾಳಿಗೆ ಹಾರದಂತೆ ನಾಲ್ಕು ಮೂಲೆಗೆ ಬಟ್ಟೆ ಒಣಹಾಕುವ ಕ್ಲಿಪ್ ಸಿಗಿಸಿರುತ್ತಾರೆ. ಆರ್ಗನ್ ಹೊರಗೆ ಬರೋದಿಲ್ಲ, ಹಾಗಾಗಿ ಕಟ್ಟಡದ ಒಳಗಿಂದ ಉದ್ದದ ವೈರ್ ಎಳೆದು ಕೀಬೋರ್ಡ್ ಇಟ್ಟಿರುತ್ತಾರೆ. ಪವಿತ್ರ ಭೋಜನದಲ್ಲಿ, ಅಂದರೆ ಯೇಸುವಿನ ಕೊನೆಯ ಊಟದ ನೆನಪಿಗೆ, ಹಂಚುವ ರೊಟ್ಟಿಯ ತೆಳ್ಳನೆ ಬಿಲ್ಲೆಗಳು ತಟ್ಟೆಯಿಂದ ಹಾರಿಹೋಗುತ್ತವೆ ಅಂತ ಯಾರೋ ಒಬ್ಬರು ಅಂಗೈ ಅಡ್ಡ ಹಿಡಿದಿರುತ್ತಾರೆ. ಸೊಳ್ಳೆಗೆ ಹೊಡೆಯುವ ಸ್ಪ್ರೇ ಡಬ್ಬಿ ಕೈಯಿಂದ ಕೈಗೆ ದಾಟುತ್ತಿರುತ್ತೆ. ಚಳಿಗಾಲದಲ್ಲಿ ಆರ್ಗನ್ನು, ನಿಲುವಂಗಿ ತೊಟ್ಟ ಕಾಯರ್, ಮೇಣದಬತ್ತಿ ಎಲ್ಲ ಇರುತ್ತೆ. ಬಂದವರು ಕೂತು ಕೇಳಿಸಿಕೊಂಡು ಹೋದರೂ ನಡೆಯುತ್ತೆ. ಬೇಸಿಗೆಯಲ್ಲಿ ಹಾಗಾಗೋದಿಲ್ಲ. ಕಾಯರ್ ಇಲ್ಲದ ಮೇಲೆ ಹಾಡೋದಕ್ಕೆ ಇರುವವರೇ ಬಾಯಿ ಬಿಡಬೇಕು. ಪಿಟೀಲು ಕಲಿಯುತ್ತಿರುವ ಹುಡುಗಿ ಒಂದು ಹಾಡು ನುಡಿಸುತ್ತಾಳೆ, ಸ್ವರ ತಪ್ಪಿದರೂ ಯಾರೂ ಮುಖ ಸಿಂಡರಿಸೋದಿಲ್ಲ. ಕುರ್ಚಿ ಹೊತ್ತವರೇ ಬೈಬಲ್ ಓದುತ್ತಾರೆ, ಓದಿದವರೇ ಪಾತ್ರೆ ತೊಳೆಯುತ್ತಾರೆ. ಕಾಯರ್ ಕೇಳೋಕೆ ಡಿಸೆಂಬರ್‌ನಲ್ಲಿ ಹೋಗಬೇಕು, ನಿಜ. ಆ ಸಭೆ ಯಾರ ಹೆಗಲ ಮೇಲೆ ನಿಂತಿದೆ ಅಂತ ತಿಳಿಯೋಕೆ ಜುಲೈ ತಿಂಗಳೇ ಒಳ್ಳೆಯದು ಅನ್ನೋದು ನನ್ನ ಅಭಿಪ್ರಾಯ.

ಪಾಸ್ಟರ್ ರಜೆಯ ಬಗ್ಗೆ ಒಂದು ತಮಾಷೆ ಹೇಳಿಬಿಡುತ್ತೇನೆ. ಅವರು ಓದುವ ಬೈಬಲ್ ಪಾಠಗಳ ಪಟ್ಟಿ ಮೂರು ವರ್ಷಕ್ಕೊಮ್ಮೆ ತಿರುಗಿ ಬರುತ್ತೆ. ಎರಡನೇ ವರ್ಷದ ಜುಲೈ ಕೊನೆಯಿಂದ ಆಗಸ್ಟ್‌ವರೆಗೆ ಐದು ಭಾನುವಾರ ಯೋಹಾನನ ಸುವಾರ್ತೆಯ ಆರನೇ ಅಧ್ಯಾಯವೇ. ಐದು ವಾರವೂ ರೊಟ್ಟಿ! ಜೀವ ಕೊಡುವ ರೊಟ್ಟಿಯ ಮೇಲೆ ಮೂರನೇ ವಾರಕ್ಕೇ ಹೇಳೋದೆಲ್ಲ ಮುಗಿದಿರುತ್ತೆ ಅಂತ ಪಾಸ್ಟರ್‌ಗಳೇ ನಗುತ್ತಾರೆ. 2024ರಲ್ಲಿ ಹಾಗಾಗಿತ್ತು, 2027ರಲ್ಲಿ ಮತ್ತೆ ಬರುತ್ತೆ. ಆ ವರ್ಷ ರಜೆ ಕೇಳುವ ಪಾಸ್ಟರ್ ಮೇಲೆ ನನಗೆ ಕನಿಕರವೇ ಇದೆ.

ಹಾಗಂತ ಬೆಂಚು ಖಾಲಿಯಿರೋದಕ್ಕೆ ಬೇಸಿಗೆಯೊಂದೇ ಕಾರಣ ಅಂದರೆ ಸುಳ್ಳಾಗುತ್ತೆ. ಅಮೆರಿಕದ ಅತಿ ದೊಡ್ಡ ಲುಥೆರನ್ ಸಂಸ್ಥೆ ಇವಾಂಜೆಲಿಕಲ್ ಲುಥೆರನ್ ಚರ್ಚ್ ಇನ್ ಅಮೆರಿಕ. ಮೂರು ಸಂಸ್ಥೆಗಳು ಸೇರಿ 1988ರಲ್ಲಿ ಅದು ಶುರುವಾದಾಗ 50 ಲಕ್ಷಕ್ಕೂ ಮೀರಿ ಸದಸ್ಯರಿದ್ದರು. ಈಗ 30 ಲಕ್ಷಕ್ಕಿಂತ ಕಡಿಮೆ. ನಾರ್ವೆ, ಸ್ವೀಡನ್, ಜರ್ಮನಿಯಿಂದ ಬಂದವರ ಮೊಮ್ಮಕ್ಕಳಲ್ಲಿ ಹಲವರು ಈಗ ಯಾವ ತಿಂಗಳಲ್ಲೂ ಚರ್ಚಿಗೆ ಬರೋದಿಲ್ಲ. ಪಕ್ಕದ ಮನೆಯ ಅಜ್ಜಿ ನಿಮ್ಮನ್ನು ಎರಡೆರಡು ಸಲ ಕರೆದಿದ್ದರಲ್ಲಿ ಅದೂ ಸ್ವಲ್ಪ ಇರಬಹುದು.

ಬಾಸೆಲ್ ಮಿಷನ್ ಪ್ರಶ್ನೆಗೆ ಚಿಕ್ಕ ಉತ್ತರ: ನೆಂಟರು ಹೌದು, ಒಂದೇ ಮನೆಯವರಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಆ ಮಿಷನ್‌ನಲ್ಲಿ ಲುಥೆರನ್ನರೂ ಇದ್ದರು, ಪ್ರೊಟೆಸ್ಟಂಟರ ಇನ್ನೊಂದು ಕವಲಾದ ರಿಫಾರ್ಮ್ಡ್ ಪಂಥದವರೂ ಇದ್ದರು. 1843ರಲ್ಲಿ ಮಂಗಳೂರು ಸಮಾಚಾರ ಶುರು ಮಾಡಿದ ಮೋಗ್ಲಿಂಗ್ ಲುಥೆರನ್ ನಾಡಾದ ವುರ್ಟೆಂಬರ್ಗ್‌ನವರು. ಕರಾವಳಿಯ ಆ ಸಭೆಗಳು ಈಗ ಸಿಎಸ್‌ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾದಲ್ಲಿವೆ. ಒಂದು ಹೋಲಿಕೆ ಮಾತ್ರ ನಿಮಗೆ ಥಟ್ಟನೆ ಕಾಣುತ್ತೆ. ಜೂನ್‌ನಲ್ಲೋ ಜುಲೈನಲ್ಲೋ ಒಂದು ವಾರ ಆ ಚರ್ಚಿನ ಅಂಗಳದಲ್ಲಿ ಮಕ್ಕಳ ಗಲಾಟೆ ಕೇಳಿಸಿದರೆ ಅದು ವಿಬಿಎಸ್, ರಜೆಯ ಬೈಬಲ್ ಶಾಲೆ. ನಮ್ಮಲ್ಲಿ ಅದೇ ಹೆಸರಲ್ಲಿ ಏಪ್ರಿಲ್, ಮೇನಲ್ಲಿ ನಡೆಯುತ್ತೆ. ಹಾಡಿಗೆ ಕೈಕಾಲು ಆಡಿಸೋದು, ಬಣ್ಣದ ಕಾಗದ, ಅಂಟು, ಎಲ್ಲ ಅದೇ.

ಇನ್ನು ಬುಧವಾರದ ಬಗ್ಗೆ. ಕಾಣಿಕೆ ತಟ್ಟೆ ಬಂದರೆ ಪಕ್ಕದವರಿಗೆ ದಾಟಿಸಿದರೂ ಯಾರೂ ಏನೂ ಅಂದುಕೊಳ್ಳೋದಿಲ್ಲ. ಪವಿತ್ರ ಭೋಜನ ದೀಕ್ಷಾಸ್ನಾನ ಆದವರಿಗೆ. ನೀವು ಕೂತಲ್ಲೇ ಇರಬಹುದು, ಇಲ್ಲವೇ ಎದೆಯ ಮೇಲೆ ಕೈ ಅಡ್ಡ ಕಟ್ಟಿಕೊಂಡು ಮುಂದೆ ಹೋದರೆ ಆಶೀರ್ವಾದ ಮಾಡಿ ಕಳಿಸುತ್ತಾರೆ. ಹೆಚ್ಚು ಸಂಪ್ರದಾಯಸ್ಥ ಸಂಸ್ಥೆಯಾದ ಮಿಸ್ಸೂರಿ ಸಿನಡ್‌ಗೆ ಸೇರಿದ ಲುಥೆರನ್ ಚರ್ಚಾದರೆ ಈ ವಿಷಯದಲ್ಲಿ ಬಿಗಿ ಜಾಸ್ತಿ. ಅಜ್ಜಿಯನ್ನೇ ಕೇಳಿಬಿಡಿ.

ಊಟ. ಪ್ರತಿ ಮನೆಯಿಂದ ಒಂದೊಂದು ತಿಂಡಿ ಬಂದಿರುತ್ತೆ. ಹಾಟ್‌ಡಿಶ್ ಅಂತ ಕರೆಯುವ ಬಿಸಿ ಪಾತ್ರೆಯ ಮೇಲೆ ಆಲೂಗಡ್ಡೆ ಉಂಡೆಗಳನ್ನು ನೀಟಾಗಿ ಜೋಡಿಸಿರುತ್ತಾರೆ, ನೋಡಿದರೆ ಆಸೆಯಾಗುತ್ತೆ. ಕೆಳಗಿರೋದು ಸಾಮಾನ್ಯವಾಗಿ ದನದ ಮಾಂಸದ ಖೀಮಾ. ನಡುಗುವ ಬಣ್ಣಬಣ್ಣದ ಜೆಲ್ಲೊ ಹಣ್ಣಿನದು ಅಂತ ನಂಬಬೇಡಿ, ಅದರಲ್ಲಿ ಜೆಲಟಿನ್ ಇದೆ, ಪ್ರಾಣಿಗಳ ಚರ್ಮ ಮೂಳೆಯಿಂದ ತೆಗೆದದ್ದು. ಮಾರ್ಷ್‌ಮ್ಯಾಲೋ ಹಾಕಿದ ಸಿಹಿ ಬಿಲ್ಲೆಗಳಿಗೂ ಅದೇ ಮಾತು. ಕಾಫಿಯನ್ನಾದರೂ ಕುಡಿಯೋಣ ಅಂದರೆ ಅದಕ್ಕೂ ಒಂದು ಪ್ರಶ್ನೆ ಕೇಳಿಕೊಳ್ಳಿ. ಸ್ವೀಡನ್ ಮೂಲದವರ ಚರ್ಚುಗಳಲ್ಲಿ ಕಾಫಿಪುಡಿಗೆ ಹಸಿ ಮೊಟ್ಟೆ ಕಲಸಿ ಕುದಿಸುವ ಪದ್ಧತಿ ಇದೆ. ಮೊಟ್ಟೆ ಚರಟವನ್ನೆಲ್ಲ ಹಿಡಿದುಕೊಳ್ಳುತ್ತೆ, ಮೇಲೆ ತಣ್ಣೀರು ಚಿಮುಕಿಸಿದರೆ ತಳಕ್ಕೆ ಕೂರುತ್ತೆ, ತಿಳಿ ಕಾಫಿ ಸಿಗುತ್ತೆ. ಆಗಸ್ಟ್ ಕೊನೆಯ ಮಿನೆಸೋಟ ಜಾತ್ರೆಯಲ್ಲಿ ಸೇಲಂ ಲುಥೆರನ್ ಚರ್ಚಿನವರ ಅಂಗಡಿಯಲ್ಲೂ ಇದೇ ಕಾಫಿಗೆ ಹೆಸರು.

ಆದ್ದರಿಂದ ನಿಮ್ಮ ಪಾಲಿನದು ಅಂತ ಒಂದು ದೊಡ್ಡ ಪಾತ್ರೆ ಚಿತ್ರಾನ್ನ ಒಯ್ಯಿರಿ. ನಿಂಬೆ, ಕಡಲೆಬೀಜ ಧಾರಾಳವಾಗಿರಲಿ. ಹಸಿಮೆಣಸಿನಕಾಯಿ ಮಾತ್ರ ಒಗ್ಗರಣೆ ಆದಮೇಲೆ ಆರಿಸಿ ತೆಗೆದುಬಿಡಿ, ಆ ಊರಿನವರಿಗೆ ಕಾಳುಮೆಣಸೇ ಖಾರ. ಕಡಲೆಬೀಜ ಇದೆ ಅಂತ ಒಂದು ಚೀಟಿ ಬರೆದು ಪಾತ್ರೆಯ ಮುಂದೆ ಇಡೋದು ಮರೆಯಬೇಡಿ, ಅಲ್ಲಿ ಅದು ಒಗ್ಗದವರು ಇರುತ್ತಾರೆ.

ನಿಮ್ಮ ವಾಪಸ್ ಟಿಕೆಟ್ ಸೆಪ್ಟೆಂಬರ್ ಮಧ್ಯಕ್ಕಿದ್ದರೆ ಶಾಲೆ ಶುರುವಾದ ಮೇಲಿನ ಭಾನುವಾರವೂ ಒಮ್ಮೆ ಹೋಗಿ ಬನ್ನಿ. ಅದನ್ನು ರ‍್ಯಾಲಿ ಸಂಡೇ ಅನ್ನುತ್ತಾರೆ. ಕಾಯರ್, ಪಾಸ್ಟರ್, ಕೆರೆ ಕಡೆ ಹೋದವರು ಎಲ್ಲ ಹಿಂತಿರುಗಿರುತ್ತಾರೆ. ನೋಡಿದ್ದನ್ನು ಬರೆದು ಕಳಿಸಿ, ಎರಡು ಪುಟದೊಳಗಿದ್ದರೆ ಅನುಕೂಲ.

— ಸಂಪಾದಕ